ಬರಬಹುದಮ್ಮ

ನಮ್ಮ ಅತ್ತಿಗೆಗೆ ಬೀದಿಯವರು ಇಟ್ಟ ಹೆಸರು ಬರಬಹುದಮ್ಮ. ಮೊದಲು ಇಟ್ಟವನು ನಮ್ಮ ಎದುರಿನ ಸೈಕಲ್ ಅಂಗಡಿಯವನು. ಒಂದು ಪಂಕ್ಚರ್ ಹಾಕುವುದಕ್ಕೆ ಅರ್ಧ ದಿನ ಎಳೆಯುವ ಆಸಾಮಿ, ಹೆಸರಿಡುವುದರಲ್ಲಿ ಮಾತ್ರ ಬಲು ಚುರುಕು. ನನಗೆ ಮೈಯೆಲ್ಲ ಉರಿದರೂ ಒಂದು ಮಾತು ಒಪ್ಪಲೇಬೇಕು, ಹೆಸರು ಅಳತೆ ತೆಗೆದು ಹೊಲಿದ ಹಾಗೆ ಕೂತಿತ್ತು.

ಬಸ್ಸು ತಿರುವಿನಲ್ಲಿ ಮೂತಿ ತೋರಿಸಿರುತ್ತದೆ. "ಬಸ್ ಬರ್ತಿದೆಯಾ ಅತ್ತಿಗೆ?" ಎಂದರೆ "ಬರಬಹುದು" ಎನ್ನುತ್ತಾರೆ. ಅಣ್ಣ ಊಟಕ್ಕೆ ಬರುತ್ತಾನಾ? ಬರಬಹುದು. ಒಲೆಯ ಮೇಲಿನ ಹಾಲು ಉಕ್ಕುತ್ತಾ? ಉಕ್ಕಬಹುದು. ಮದುವೆಗೆ ಮುಂಚೆ ಅಣ್ಣ ಬೆವರು ಒರೆಸಿಕೊಳ್ಳುತ್ತಾ "ನನ್ನ ಮದುವೆ ಆಗ್ತೀರಾ?" ಎಂದು ಕೇಳಿದಾಗ ಇವರು "ಆಗಬಹುದು" ಎಂದರಂತೆ. ಆ ಪುಣ್ಯಾತ್ಮ ಅದನ್ನೇ ಒಪ್ಪಿಗೆ ಎಂದುಕೊಂಡು ಕುಣಿದುಕೊಂಡು ಮನೆಗೆ ಬಂದ. ಹೊಳೆಯ ವಿಷಯದಲ್ಲಂತೂ 'ಬಹುದು' ಇಲ್ಲದ ಮಾತು ಅವರ ಬಾಯಿಂದ ಬಿದ್ದದ್ದನ್ನು ನಾನು ಕೇಳಿದ್ದು ಒಂದೇ ಸಲ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ನಾನು ಅವರ ನಾದಿನಿ. ಹೊಳೆಗೆ ಅಂಟಿಕೊಂಡ ಕೆಳಬೀದಿಯಲ್ಲಿ, ಅಮ್ಮನ ಮನೆಯ ಮುಂದಿನ ಕೋಣೆಯಲ್ಲೇ ನನ್ನ ಟೈಲರಿಂಗ್ ಅಂಗಡಿ. ಮದುವೆ ಗಿದುವೆ ನನಗೆ ಒಗ್ಗಲಿಲ್ಲ. ನಿನ್ನ ಬಾಯಿಗೆ ಯಾರೂ ಒಗ್ಗಲಿಲ್ಲ ಎಂದು ಅಮ್ಮ ತಿದ್ದುತ್ತಾಳೆ. ನಾದಿನಿಯಾದವಳು ಅತ್ತಿಗೆಯನ್ನು ಹೊಗಳುತ್ತಿದ್ದಾಳೆ ಎಂದರೆ ಕೇಳಿದವರು ಮೂಗಿನ ಮೇಲೆ ಬೆರಳಿಟ್ಟುಕೊಂಡಾರು. ಇಟ್ಟುಕೊಳ್ಳಲಿ ಬಿಡಿ. ನಾನು ಯಾರನ್ನೂ ಸುಮ್ಮನೆ ಹೊಗಳುವವಳಲ್ಲ, ಬೈಯುವುದಾದರೂ ಹಾಗೇ.

ಅತ್ತಿಗೆಯ ಕೆಲಸ ಹೊಳೆ ನಾಳೆ, ನಾಡಿದ್ದು ಎಷ್ಟು ಏರೀತು ಎಂದು ಲೆಕ್ಕ ಹಾಕುವುದು. ಗುಡ್ಡದ ಮೇಲಿನ ಸರ್ಕಾರಿ ಕಟ್ಟಡದಲ್ಲಿ, ಮೂರನೇ ಮಹಡಿಯಲ್ಲಿ ಅವರ ಕಚೇರಿ. ಲಿಫ್ಟು ಕೆಟ್ಟು ಯಾವ ಕಾಲವಾಯಿತೋ. ಒಳಗೆ ಸಾಲಾಗಿ ಕಂಪ್ಯೂಟರ್ ಪರದೆಗಳು, ಮೂಲೆಯಲ್ಲಿ ಒಣಗಲು ಬಿಚ್ಚಿಟ್ಟ ಕೊಡೆಗಳು, ಕುರ್ಚಿಯ ಬೆನ್ನಿಗೆ ನೇತುಹಾಕಿದ ಸ್ವೆಟರ್‌ಗಳು. ತಮಾಷೆಯೆಂದರೆ ಹೊಳೆಯ ಗತಿ ಹೇಳುವ ಆ ಕೋಣೆಯ ಕಿಟಕಿಯಿಂದ ಹೊಳೆಯೇ ಕಾಣುವುದಿಲ್ಲ. ಕಾರು ನಿಲ್ಲಿಸುವ ಜಾಗವೂ ಒಂದು ಕಸದ ತೊಟ್ಟಿಯೂ ಕಾಣುತ್ತವೆ, ಅಷ್ಟೇ.

ಅವರು ಮದುವೆಯಾಗಿ ಬಂದ ಹೊಸತರಲ್ಲಿ ನಾನೊಮ್ಮೆ ಕೆಣಕಿದ್ದೆ. "ಅಲ್ಲ ಅತ್ತಿಗೆ, ಬೆಟ್ಟದಲ್ಲಿ ಮಳೆ ಬಂದ್ರೆ ಹೊಳೆ ಏರುತ್ತೆ. ಇಷ್ಟು ಹೇಳೋಕೆ ನಿಮಗೆ ಕಂಪ್ಯೂಟರ್ ಬೇರೆ ಬೇಕಾ?"

ಅವರು ಸಿಟ್ಟಾಗಲಿಲ್ಲ. ನನ್ನ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದರು. ಒಣ ಟವೆಲೊಂದನ್ನು ಬಕೆಟ್ಟಿನ ಬಾಯಿಗೆ ಓರೆಯಾಗಿ ಹಾಸಿ ಒಂದು ಲೋಟ ನೀರು ಸುರಿದರು. ಕೆಳಗೆ ಹನಿಯೂ ಬೀಳಲಿಲ್ಲ. ಇನ್ನೊಂದು ಲೋಟ ಸುರಿದರು, ತೊಟ್ಟು ತೊಟ್ಟು ಬಿತ್ತು. ಮತ್ತೊಂದು ಸುರಿದಾಗ ಅಷ್ಟೂ ನೀರು ಸೊರ್ರನೆ ಬಕೆಟ್ಟಿಗೆ ಇಳಿಯಿತು.

"ಪ್ರತಿ ಸಲವೂ ಅದೇ ಒಂದು ಲೋಟ ಮಳೆ," ಎಂದರು. "ಹೊಳೆಗೆ ಬಂದದ್ದು ಮಾತ್ರ ಬೇರೆ ಬೇರೆ. ನೆಲ ಎಷ್ಟು ನೆನೆದಿದೆ ಅಂತ ಗೊತ್ತಿಲ್ದೆ ಮಳೆ ಎಷ್ಟು ಅಂತ ಮಾತ್ರ ಗೊತ್ತಿದ್ರೆ ಏನು ಬಂತು ಹೇಳು?"

"ಬಚ್ಚಲಲ್ಲಿ ಇಬ್ಬರೂ ಸೇರಿ ಏನು ಸಂಸಾರ ಹೂಡಿದೀರೇ?" ಎಂದು ಅಮ್ಮ ಹೊರಗಿನಿಂದ ಕೂಗಿದಳು. ಆಗೆಲ್ಲ ಅಮ್ಮನಿಗೂ ಅತ್ತಿಗೆಗೂ ಬಲು ಸಲುಗೆ.

ಆಮೇಲೆ ಒಂದೊಂದಾಗಿ ನಾನೂ ಕಲಿತೆ. ಬೆಟ್ಟದ ಮೇಲೆ ಅಲ್ಲಲ್ಲಿ ಮಳೆಮಾಪಕ ನೆಟ್ಟಿದ್ದಾರೆ. ಮೇಲೆ ಕೊಳವೆಬಾಯಿ, ಒಳಗೆ ಎರಡು ಪುಟ್ಟ ಬಟ್ಟಲು. ಒಂದು ತುಂಬಿದೊಡನೆ ಮಗುಚಿಕೊಳ್ಳುತ್ತದೆ, ಇನ್ನೊಂದು ಬಾಯೊಡ್ಡುತ್ತದೆ. ಮಗುಚಿದಾಗಲೆಲ್ಲ ಇಲ್ಲಿ ಕಚೇರಿಗೆ ಲೆಕ್ಕ ಬಂದು ಬೀಳುತ್ತದೆ. ಸೇತುವೆಗಳ ಹೊಟ್ಟೆಗೆ ರೇಡಾರ್ ಡಬ್ಬಿ ಕಟ್ಟಿದ್ದಾರೆ, ಅದು ನೀರಿನ ಮಟ್ಟ ಹೇಳುತ್ತದೆ. ಮಟ್ಟದಿಂದ ಹರಿವು ಎಷ್ಟು ಎಂದು ತಿಳಿಯುವುದಕ್ಕೆ ಬೇರೆಯೇ ಒಂದು ಲೆಕ್ಕ. ಅದು ನನಗೆ ಥಟ್ಟನೆ ಹೊಳೆಯಿತು. ಎದೆಯ ಸುತ್ತಳತೆ ಹೇಳಿದರೆ ಎಷ್ಟು ಬಟ್ಟೆ ಬೇಕೆಂದು ನಾನು ಹೇಳುವುದಿಲ್ಲವೇ, ಹಾಗೆ. ಆದರೆ ಆಳು ದಪ್ಪವಾದರೆ ಹಳೆಯ ಅಳತೆ ನಡೆಯುತ್ತದೆಯೇ? ಹೊಳೆಯೂ ಪ್ರವಾಹ ಬಂದು ಹೋದಾಗಲೆಲ್ಲ ತಳದ ಮರಳು ಸರಿಸಿ ಮೈ ಬದಲಾಯಿಸಿಕೊಳ್ಳುತ್ತದಂತೆ. ಅದಕ್ಕೇ ಅತ್ತಿಗೆಯ ಕಡೆಯವರು ದೋಣಿ ತೆಗೆದುಕೊಂಡು ಹೋಗಿ ಹೊಸದಾಗಿ ಅಳತೆ ತೆಗೆಯುತ್ತಲೇ ಇರುತ್ತಾರೆ.

ಇದೆಲ್ಲ ಮಾಡೆಲ್ ಎಂಬ ಲೆಕ್ಕದ ಹೊಟ್ಟೆಗೆ ಹೋಗುತ್ತದೆ. ಬಿದ್ದ ಮಳೆ, ಬೀಳಲಿರುವ ಮಳೆ, ನೆನೆದ ನೆಲ, ಮೇಲಿನ ಅಣೆಕಟ್ಟೆಯಿಂದ ಬಿಟ್ಟ ನೀರು, ಎಲ್ಲವೂ. ಅದು ಹೊಳೆ ಇಷ್ಟು ಏರೀತು ಎನ್ನುತ್ತದೆ. ಗಂಟೆ ಕಳೆದ ಮೇಲೆ ಹೊಳೆ ನಿಜವಾಗಿ ಎಷ್ಟು ಏರಿತೆಂದು ನೋಡಿ, ತಾನು ತಪ್ಪಿದ್ದರೆ ತನ್ನನ್ನೇ ತಿದ್ದಿಕೊಂಡು ಮತ್ತೆ ಮೊದಲಿನಿಂದ ಲೆಕ್ಕ ಶುರು ಮಾಡುತ್ತದೆ. "ಈ ಬುದ್ಧಿ ನಮ್ಮ ಅಣ್ಣನಿಗೂ ಇದ್ದಿದ್ರೆ!" ಎಂದೆ. ಅತ್ತಿಗೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

ಇನ್ನು ಅವರ ಆ 'ಬಹುದು' ಎಲ್ಲಿಂದ ಬಂತು ಎಂಬುದು. ಬೀಳಲಿರುವ ಮಳೆ ಇಷ್ಟೇ ಎಂದು ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಆದ್ದರಿಂದ ಐವತ್ತು ಬಗೆಯ ಮಳೆಯನ್ನು ಕೊಟ್ಟು ಒಂದೇ ಮಾಡೆಲನ್ನು ಐವತ್ತು ಸಲ ಓಡಿಸುತ್ತಾರೆ. ಪರದೆಯ ಮೇಲೆ ಐವತ್ತು ಗೆರೆ ಮೂಡುತ್ತವೆ. ನಮ್ಮ ಬೀದಿಯ ಕೊನೆಯಲ್ಲಿರುವ ತಡೆಗೋಡೆಯ ಎತ್ತರಕ್ಕೆ ಒಂದು ಕೆಂಪು ಗೆರೆ ಅಡ್ಡ ಎಳೆದಿರುತ್ತದೆ. ಐವತ್ತರಲ್ಲಿ ಎಷ್ಟು ಅದನ್ನು ದಾಟಿದವು ಎಂದು ನೋಡಿ, ಹತ್ತರಲ್ಲಿ ಇಷ್ಟು ಪಾಲು ಎನ್ನುತ್ತಾರೆ. ಹತ್ತಕ್ಕೆ ಹತ್ತೂ ಅಲ್ಲದ ಮೇಲೆ 'ಬರುತ್ತೆ' ಎನ್ನುವುದು ಅತ್ತಿಗೆಯ ಲೆಕ್ಕದಲ್ಲಿ ಸುಳ್ಳು. ಅಬ್ಬಬ್ಬಾ, ಆ ಸುಳ್ಳನ್ನು ಅವರಿಂದ ಹೇಳಿಸುವುದಕ್ಕೆ ನಾನು ಪಟ್ಟ ಪಾಡು!

ಎರಡು ಮಳೆಗಾಲದ ಹಿಂದೆ ಮೊದಲ ಸಲ ನಮ್ಮ ಬೀದಿಗೆ ಎಚ್ಚರಿಕೆ ಬಂತು. ಹತ್ತರಲ್ಲಿ ಆರು ಪಾಲು ನೀರು ಗೋಡೆ ದಾಟಬಹುದು ಎಂದು. ಅಧಿಕಾರಿಗಳು ಬೀದಿ ಖಾಲಿ ಮಾಡಿಸಿದರು. ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ಮೇಲಿನ ಶಾಲೆಗೆ ಹೋದೆವು. ಆ ಶಾಲೆಯ ಮೆಟ್ಟಿಲ ಮೇಲೆ, ನಾನು ಹಾಸಿಗೆ ಸುರುಳಿ ಹಿಡಿದು ಮುಂದೆ ಹೋಗುತ್ತಿದ್ದಾಗ, ಅಮ್ಮ ಜಾರಿ ಬಿದ್ದಳು. ಸೊಂಟದ ಬಳಿ ತೊಡೆಯ ಮೂಳೆ ಮುರಿಯಿತು. ಹೊಳೆಯೋ, ಗೋಡೆಯ ಅಂಚಿನವರೆಗೆ ಬಂದು, ಒಂದು ಗೇಣು ಕೆಳಗೆ ನಿಂತು, ಏನೂ ಆಗದವರ ಹಾಗೆ ಹಿಂದಕ್ಕೆ ಹೋಯಿತು.

ಬೀದಿಯವರು ಬಾಯಿಗೆ ಬಂದಂತೆ ಆಡಿಕೊಂಡರು. ಬರಬಹುದಮ್ಮ ಎಂಬ ಹೆಸರು ಹುಟ್ಟಿದ್ದು ಆಗಲೇ. ಆಸ್ಪತ್ರೆಗೆ ಓಡಿ ಬಂದ ಅತ್ತಿಗೆಯ ಮುಖ ನೋಡಿ ಅಮ್ಮ ಹೇಳಿದ್ದು ಒಂದೇ ಮಾತು. "ನಿನ್ನ ಬರಬಹುದು ನನ್ನ ಕಾಲು ತಿಂದುಬಿಡ್ತು."

ನಾನೂ ಸುಮ್ಮನಿರಲಿಲ್ಲ. ಆಸ್ಪತ್ರೆಯ ವರಾಂಡದಲ್ಲೇ ಜಗಳಕ್ಕೆ ನಿಂತೆ. "ತಪ್ಪಾಯ್ತು ಅಂತ ಒಂದು ಮಾತು ಹೇಳಿ ಅತ್ತಿಗೆ. ಅಮ್ಮನ ಸಮಾಧಾನಕ್ಕಾದ್ರೂ ಹೇಳಿ."

ಅವರ ಕಣ್ಣು ತುಂಬಿತ್ತು. ಆದರೂ ಹೇಳಿದರು. "ಹತ್ತರಲ್ಲಿ ಆರು ಅಂದಿದ್ದೆ. ಉಳಿದ ನಾಲ್ಕರಲ್ಲಿ ಒಂದು ಆಯ್ತು. ಲೆಕ್ಕ ತಪ್ಪಲಿಲ್ಲ ಕಣೇ. ಅತ್ತೆಯ ಕಾಲು ಮುರಿದದ್ದೂ ಸುಳ್ಳಲ್ಲ. ಎರಡೂ ನಿಜ. ಒಂದನ್ನ ಮುಚ್ಚೋಕೆ ಇನ್ನೊಂದನ್ನ ಸುಳ್ಳು ಅಂತ ಹೇಗೆ ಹೇಳಲಿ?"

ಎಂಥ ಹಟಮಾರಿ ಹೆಂಗಸಪ್ಪಾ ಎಂದುಕೊಂಡೆ. ಆ ದಿನ ಬೈದುಕೊಂಡೇ ಅಂದುಕೊಂಡದ್ದು.

ಅಮ್ಮ ವಾಕರ್ ಹಿಡಿದು ಮನೆಯೊಳಗೆ ನಾಲ್ಕು ಹೆಜ್ಜೆ ಹಾಕುವಂತಾದಳು. ಆದರೆ ಅತ್ತಿಗೆಯ ಜೊತೆ ಮಾತು ಬಿಟ್ಟಳು. ಭಾನುವಾರ ಬಂತೆಂದರೆ ಅತ್ತಿಗೆ ಗುಡ್ಡದ ಕಡೆಯ ತಮ್ಮ ಮನೆಯಿಂದ ಬರುತ್ತಿದ್ದರು. ಹೊಸಿಲ ಆಚೆ ಚಪ್ಪಲಿ ಬಿಟ್ಟು, "ಬರಬಹುದಾ ಅತ್ತೆ?" ಎಂದು ಕೇಳುತ್ತಿದ್ದರು. ಅಮ್ಮ ಟಿವಿಯ ಸದ್ದು ಏರಿಸುತ್ತಿದ್ದಳು. ಅತ್ತಿಗೆ ಒಳಗೆ ಹೋಗದೆ, ಹಿಂದಕ್ಕೂ ಹೋಗದೆ, ನನ್ನ ಅಂಗಡಿಯ ಕೋಣೆಯಲ್ಲಿ ಕೂತು ಮಕ್ಕಳ ಫ್ರಾಕುಗಳಿಗೆ ಅಂಚು ಹೊಲಿದು ಕೊಟ್ಟು ಹೋಗುತ್ತಿದ್ದರು. ಅವರಿಗೆ ಹೊಲಿಗೆ ಕಲಿಸಿದ್ದೂ ಅಮ್ಮನೇ. ಅಮ್ಮ ಒಳಗಿನಿಂದ ನನಗೆ ಹೇಳುತ್ತಿದ್ದಳು, "ಅಂಚಲ್ಲಿ ಎರಡು ಬೆರಳು ಬಟ್ಟೆ ಮಡಿಚಿ ಬಿಡೋಕೆ ಹೇಳೇ ಅವಳಿಗೆ." ಅತ್ತಿಗೆ ನನಗೆ ಹೇಳುತ್ತಿದ್ದರು, "ಬಿಟ್ಟಿದೀನಿ ಅಂತ ಹೇಳು." ನಡುವೆ ನಾನೊಬ್ಬಳು ಟೆಲಿಫೋನ್ ತಂತಿ. ಒಂದು ಭಾನುವಾರವೂ ಅವರು ತಪ್ಪಿಸಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಎರಡನೇ ವಾರವೇ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದೆ.

ನನ್ನ ಭಯವೇ ಬೇರೆ. ಹೊಳೆ ಇನ್ನೊಮ್ಮೆ ನಿಜವಾಗಿ ಬಂದರೆ ಅಮ್ಮ ಏಳುತ್ತಾಳಾ? ಓಡುವ ಹಾಗಿಲ್ಲ, ನನ್ನ ಬೆನ್ನುನೋವಿನಲ್ಲಿ ಎತ್ತುವುದಕ್ಕೂ ಆಗುವುದಿಲ್ಲ. "ಸತ್ತರೆ ಈ ಮಂಚದ ಮೇಲೇ ಸಾಯ್ತೀನಿ, ಆ ಶಾಲೆ ಮೆಟ್ಟಿಲು ಮಾತ್ರ ಹತ್ತಲ್ಲ" ಎಂದು ಅವಳು ಹೇಳಿಯಾಗಿತ್ತು. ನಮ್ಮಮ್ಮ ಹೇಳಿದರೆ ಹೇಳಿದಂತೆ.

ಈ ಮಳೆಗಾಲದಲ್ಲಿ ಅದೂ ಬಂತು. ವಾರಗಟ್ಟಲೆ ಜಿಟಿಜಿಟಿ ಮಳೆ. ಹೊಲಿದ ಬಟ್ಟೆಗೆಲ್ಲ ಮುಗ್ಗಲು ವಾಸನೆ. ಅತ್ತಿಗೆ ಫೋನ್ ಮಾಡಿದರು. "ಟವೆಲ್ ಪೂರ್ತಿ ನೆಂದಿದೆ ಕಣೇ. ಮೇಲೆ ದೊಡ್ಡ ಮಳೆ ಬರಬಹುದು. ಸದ್ಯಕ್ಕೆ ಹತ್ತರಲ್ಲಿ ಮೂರು. ಅತ್ತೆಯ ಔಷಧಿ ಒಂದು ಚೀಲದಲ್ಲಿ ಹಾಕಿಟ್ಟಿರು." ಮಾರನೆಯ ದಿನ ಅದು ಐದಾಯಿತು. ನಾನು ಅಮ್ಮನಿಗೆ ಹೇಳಿದೆ. ಅಮ್ಮ ಗೋಡೆಯ ಕಡೆ ಹೊರಳಿ ಮಲಗಿದಳು. ಸೈಕಲ್ ಅಂಗಡಿಯವನು ಎದುರಿನಿಂದ ಕೂಗಿದ. "ಏನಕ್ಕಾ, ಬರಬಹುದಮ್ಮ ಏನಂತಾರೆ? ಬರಬಹುದಂತಾ?" ಬೀದಿಗೆ ಬೀದಿಯೇ ಹಲ್ಲು ಕಿಸಿಯಿತು.

ಅದರ ಮಾರನೆಯ ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ. ಅತ್ತಿಗೆ ಮನೆಗೇ ಹೋಗಿಲ್ಲ ಎಂದು ಅಣ್ಣ ಹೇಳಿದ್ದ. ಊಟದ ಡಬ್ಬಿಯ ನೆಪ ಹಿಡಿದು ಕಚೇರಿಯ ಮೂರು ಮಹಡಿ ಹತ್ತಿದೆ. ನಿಜಕ್ಕೂ ಹೋದದ್ದು ಜಗಳಕ್ಕೆ.

ಅತ್ತಿಗೆ ಪರದೆಯ ಮುಂದೆ ಕೂತಿದ್ದರು, ಕಣ್ಣು ಕೆಂಪಗೆ. ಐವತ್ತು ಗೆರೆಗಳನ್ನು ನಾನು ಕಣ್ಣಾರೆ ಕಂಡದ್ದು ಅವತ್ತೇ. ಬಾಚದ ಕೂದಲಿನ ಹಾಗೆ ಹರಡಿಕೊಂಡು, ಅರ್ಧ ಕೆಂಪು ಗೆರೆಯ ಮೇಲೆ, ಅರ್ಧ ಕೆಳಗೆ. ನಾನು ಡಬ್ಬಿ ಇಡುವಷ್ಟರಲ್ಲಿ ಹೊಸ ಲೆಕ್ಕ ಬಂತು. ಎಲ್ಲ ಗೆರೆಗಳೂ ಒಟ್ಟಿಗೆ ಕುಸಿದವು. ಹತ್ತರಲ್ಲಿ ಎರಡು.

ಕೋಣೆಯಲ್ಲಿ ಎಲ್ಲರೂ ಉಸಿರು ಬಿಟ್ಟರು. ಅವರ ಸಾಹೇಬರು, ಅರೆಬೋಳು ತಲೆಯ ಸಾಧು ಮನುಷ್ಯ, "ಸದ್ಯ! ಎಚ್ಚರಿಕೆ ಇಳಿಸಿಬಿಡೋಣ ಮೇಡಂ. ಹೋದ ಸಲದ ಮಾನ ಇನ್ನೂ ವಾಪಸ್ ಬಂದಿಲ್ಲ" ಎಂದರು. ನನಗೂ ಎದ್ದು ಕುಣಿಯುವಷ್ಟು ಖುಷಿಯಾಯಿತು. ಅತ್ತಿಗೆ ಮಾತ್ರ ಮುಖ ಗಂಟಿಕ್ಕಿಕೊಂಡು ಇನ್ನೊಂದು ಪರದೆಗೆ ಬಗ್ಗಿದರು.

"ಸರ್, ಒಂದು ನಿಮಿಷ. ಮೇಲಿನ ಬೆಟ್ಟದ ಮಾಪಕ ಬೆಳಗಿನಿಂದ ಸೊನ್ನೆ ಕಳಿಸ್ತಿದೆ. ಅದರ ಎಡಗಡೆಯದೂ ಬಲಗಡೆಯದೂ ಧೋ ಅಂತಿದಾವೆ. ನಡುವೆ ಒಂದಕ್ಕೆ ಮಾತ್ರ ಕೊಡೆ ಹಿಡಿದವರು ಯಾರು?"

"ಕೆಟ್ಟಿದ್ರೆ ಖಾಲಿ ಬರಬೇಕಿತ್ತಲ್ಲ?" ಎಂದರು ಸಾಹೇಬರು.

"ಅದೇ ನೋಡಿ. ಖಾಲಿ ಬಂದಿದ್ರೆ ಮಾಡೆಲ್ ಗೊತ್ತಿಲ್ಲ ಅಂತ ಬಿಟ್ಟುಬಿಡ್ತಿತ್ತು. ಸೊನ್ನೆ ಬಂದಿದೆ, ಮಳೆಯೇ ಇಲ್ಲ ಅಂತ ನಂಬಿದೆ. ಸೊನ್ನೆ ಬೇರೆ, ಖಾಲಿ ಬೇರೆ."

ಆ ಮಾಪಕ ಇರುವುದು ಬೆಟ್ಟದ ಒಂದು ಶಾಲೆಯ ಅಂಗಳದಲ್ಲಿ. ಅತ್ತಿಗೆ ಅಲ್ಲಿನ ಟೀಚರಿಗೆ ಫೋನ್ ಹಚ್ಚಿದರು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು. ಮಳೆಯ ಅಬ್ಬರ, ಕೊಡೆ ಬಿಚ್ಚಿದ ಸದ್ದು, ಕೆಸರಲ್ಲಿ ಪಚಪಚ ಹೆಜ್ಜೆ. ಆಮೇಲೆ ಟೀಚರ ಧ್ವನಿ. "ಅಯ್ಯೋ ಮೇಡಂ! ಇಷ್ಟಗಲದ ಎಲೆ ಬಂದು ಕೊಳವೆಬಾಯಿಗೆ ಅಂಟಿಕೊಂಡಿದೆ. ಮೇಲೆ ತುಂಬಿ ಸುತ್ತ ಸುರೀತಿದೆ, ಒಳಗೆ ಹನಿಯೂ ಹೋಗ್ತಿಲ್ಲ. ತೆಗೀಲಾ?"

"ತೆಗೆದುಬಿಡಿ ತಾಯಿ, ನಿಮಗೆ ಪುಣ್ಯ ಬರಲಿ," ಎಂದರು ಅತ್ತಿಗೆ.

ಒಂದು ಎಲೆ! ನಮ್ಮ ಬೀದಿಯ ಹಣೆಬರಹ ಒಂದು ಎಲೆಯ ಕೈಯಲ್ಲಿತ್ತು. ಆ ಸೊನ್ನೆಗಳನ್ನೆಲ್ಲ ಅಳಿಸಿ, ಅಕ್ಕಪಕ್ಕದ ಮಾಪಕಗಳಿಂದ ಮಳೆ ಅಂದಾಜು ಮಾಡಿ ಮತ್ತೆ ಮಾಡೆಲ್ ಓಡಿಸಿದರು. ಗೆರೆಗಳು ಒಂದೊಂದೇ ಮೇಲಕ್ಕೆದ್ದವು. ಹತ್ತರಲ್ಲಿ ಎಂಟು. ನಾಳೆ ಬೆಳಕು ಹರಿಯುವ ಹೊತ್ತಿಗೆ.

ಸಾಹೇಬರು ಮರುಮಾತಿಲ್ಲದೆ ಎಚ್ಚರಿಕೆಗೆ ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕುತ್ತಾ ಕೇಳಿದರು. "ಎಂಟು ಅಂದ್ಮೇಲೆ ಬರುತ್ತೆ ಅಂತಾನೇ ಬರೆದುಬಿಡೋಣವಾ ಮೇಡಂ?"

"ಬೇಡಿ ಸರ್. ಎಂಟು ಅಂದ್ರೆ ಎಂಟೇ."

ನಾನು ಅವರನ್ನು ವರಾಂಡಕ್ಕೆ ಎಳೆದುಕೊಂಡು ಬಂದೆ. ಅಲ್ಲಿಯವರೆಗೆ ತಡೆದುಕೊಂಡದ್ದೆಲ್ಲ ಒಂದೇ ಉಸಿರಿಗೆ ಹೊರಬಂತು. "ನಿಮ್ಮ ಎಂಟೂ ಬೇಡ ಹತ್ತೂ ಬೇಡ ಅತ್ತಿಗೆ! ಕೆಳಬೀದಿಯಲ್ಲಿ ಒಂದು ನರಪಿಳ್ಳೆಯೂ ಕದಲಲ್ಲ. ಅಮ್ಮ ಅಂತೂ ಮಂಚ ಬಿಟ್ಟು ಏಳಲ್ಲ. ಬರುತ್ತೆ ಅಂತ ಒಂದೇ ಒಂದು ಸಲ ಹೇಳಿ. ನಿಮ್ಮ ದಮ್ಮಯ್ಯ. ನಮ್ಮಮ್ಮನ ಜೀವಕ್ಕಿಂತ ನಿಮಗೆ ಆ ಹಾಳು 'ಬಹುದು' ಹೆಚ್ಚಾ?"

ಅವರು ಗೋಡೆಗೆ ಒರಗಿ ನಿಂತರು. ನಿಂತಲ್ಲೇ ನಿದ್ದೆ ಹೋಗುವಷ್ಟು ಸುಸ್ತಾಗಿದ್ದರು. "ಬರುತ್ತೆ ಅಂದು ಬರದೇ ಇದ್ರೆ, ಮೂರನೇ ಸಲ ನಾನು ಎದೆ ಬಡಿದುಕೊಂಡ್ರೂ ಯಾರೂ ಏಳಲ್ಲ. ಆಗ ಅತ್ತೆ ಒಬ್ಬರೇ ಅಲ್ಲ, ಬೀದಿಯೇ ಹೋಗುತ್ತೆ. ನನ್ನ ಹತ್ರ ಇರೋದು ಈ ಒಂದು ಮಾತು ಕಣೇ. ಅದನ್ನೂ ಕೆಡಿಸಿಕೊಂಡ್ರೆ ಆಮೇಲೆ ನನ್ನ ಹತ್ರ ಏನಿದೆ?" ಕಣ್ಣು ಉಜ್ಜಿಕೊಂಡು ಹೇಳಿದರು. "ಅತ್ತೆಗೆ ನಾನೇ ಬಂದು ಹೇಳ್ತೀನಿ. ಹೇಳೋದು ಮಾತ್ರ ಅದನ್ನೇ."

ಅಧಿಕಾರಿಗಳು ಮೈಕಿನಲ್ಲಿ ಕೂಗಿಕೊಂಡು ಹೋದರೂ ನಮ್ಮ ಬೀದಿ ಕದಲಲಿಲ್ಲ. ಸಂಜೆಯ ಹೊತ್ತಿಗೆ ಸಾಹೇಬರೇ ಅತ್ತಿಗೆಯ ಕುರ್ಚಿಯಲ್ಲಿ ಕೂತು ಅವರನ್ನು ಕಳಿಸಿಕೊಟ್ಟರು. ಅಣ್ಣ ಕಾರನ್ನು ಮೇಲಿನ ರಸ್ತೆಯಲ್ಲಿ ನಿಲ್ಲಿಸಿದ. ನಮ್ಮ ಬೀದಿಗೆ ಕಾರು ಇಳಿಯುವುದಿಲ್ಲ. ಇಕ್ಕಟ್ಟಿನ ದಾರಿ, ಕಾರು ಬಿಟ್ಟು ಬರುವ ಹಾಗಿಲ್ಲದೆ ಅವನು ಅಲ್ಲೇ ಕಾದ. ಅತ್ತಿಗೆ ಮಳೆಯಲ್ಲಿ ತೊಯ್ದುಕೊಂಡು ಬಂದು, ಹೊಸಿಲ ಆಚೆ ಚಪ್ಪಲಿ ಬಿಟ್ಟು, ಯಾವತ್ತಿನ ಹಾಗೆ ಕೇಳಿದರು. "ಬರಬಹುದಾ ಅತ್ತೆ?"

ಅಮ್ಮ ರಿಮೋಟಿಗೆ ಕೈ ಹಾಕಿದಳು. ಕರೆಂಟು ಹೋಗಿತ್ತು. ಹೀಗಾಗಿ ಕೇಳಿಸಿಕೊಳ್ಳದೆ ವಿಧಿಯಿರಲಿಲ್ಲ.

ಅತ್ತಿಗೆ ಹೊಸಿಲ ಮೇಲೇ ಕೂತರು. ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. "ಅತ್ತೆ, ಒಂದು ಮಾತು ಕೇಳ್ತೀನಿ. ಮಕ್ಕಳ ಫ್ರಾಕಿನ ಅಂಚಲ್ಲಿ ಎರಡು ಬೆರಳು ಬಟ್ಟೆ ಮಡಿಚಿ ಬಿಡು ಅಂತ ನನಗೆ ಕಲಿಸಿದ್ದು ನೀವು. ಯಾಕೆ?"

ಅಮ್ಮ ನನ್ನ ಕಡೆ ತಿರುಗಿದಳು. "ಇದನ್ನ ಕೇಳೋಕೆ ಮಳೆಯಲ್ಲಿ ಬಂದ್ಲಂತಾ? ಮಗು ಬೆಳೆಯಬಹುದು, ಅದಕ್ಕೆ. ಹೇಳು ಅವಳಿಗೆ."

"ಬೆಳೆಯುತ್ತೆ ಅಂತ ಗೊತ್ತಿತ್ತಾ ಅತ್ತೆ?"

ಅಮ್ಮ ರಿಮೋಟನ್ನು ಮಗ್ಗುಲಿಗೆ ಇಟ್ಟಳು.

"ಎಷ್ಟೋ ಮಕ್ಕಳು ಆ ವರ್ಷ ಬೆಳೀಲೇ ಇಲ್ಲ. ಮಡಿಚಿದ ಬಟ್ಟೆ ಮಡಿಚಿದ ಹಾಗೇ ಇತ್ತು. ದಂಡ ಆಯ್ತು ಅಂತ ನೀವು ಯಾವತ್ತಾದ್ರೂ ಅಂದ್ರಾ? ಮಾರನೇ ಫ್ರಾಕಿಗೂ ಎರಡು ಬೆರಳು ಬಿಟ್ರಿ." ಅತ್ತಿಗೆ ಒದ್ದೆ ಸೆರಗು ಹಿಂಡಿಕೊಂಡರು. "ನನ್ನ ಬರಬಹುದೂ ಅಷ್ಟೇ ಅತ್ತೆ. ಹತ್ತರಲ್ಲಿ ಎಂಟು ಪಾಲು ನೀರು ಈ ಮಂಚದ ಮೇಲೆ ಬರಬಹುದು. ಎರಡು ಪಾಲು ಬರದೇನೂ ಇರಬಹುದು. ಆ ಎರಡೇ ಆಗಲಿ ಅಂತ ನಾನೂ ಬೇಡ್ಕೋತೀನಿ. ಬರದೇ ಇದ್ರೆ ನೀವು ಬೈರಿ, ಬೀದಿಯವರೆಲ್ಲ ಬೈಲಿ, ಕೂತು ಕೇಳಿಸ್ಕೋತೀನಿ. ಹೋದ ಸಲ ಆ ಮೆಟ್ಟಿಲ ಮೇಲೆ ನಾನಿರಲಿಲ್ಲ. ಈ ಸಲ ಇದೀನಿ. ಶಾಲೆಗೆ ಬೇಡ, ನನ್ನ ಮನೆಗೆ ಬನ್ನಿ. ನಾನೇ ಹೊತ್ಕೊಂಡು ಹೋಗ್ತೀನಿ."

ಅಮ್ಮ ಮಂಚದ ಅಂಚಿಗೆ ಸರಿದಳು. ಆಮೇಲೆ, ಎರಡು ಮಳೆಗಾಲಗಳಲ್ಲಿ ಮೊದಲ ಸಲ, ನನ್ನ ಮುಖಾಂತರ ಅಲ್ಲದೆ ನೇರವಾಗಿ ಅವರಿಗೇ ಹೇಳಿದಳು. "ಬೀಳಿಸಿದ್ಯೋ, ನೋಡು ಮತ್ತೆ."

ಅತ್ತಿಗೆ ಬೆನ್ನು ಕೊಟ್ಟು ಕೂತರು. ನಾನು ಅಮ್ಮನನ್ನು ಮಂಚದಿಂದ ಆ ಬೆನ್ನಿಗೆ ಒರಗಿಸಿದೆ. ಅಮ್ಮ ಅವರ ಕುತ್ತಿಗೆ ಸುತ್ತ ಕೈ ಹಾಕಿಕೊಂಡಳು. ಅತ್ತಿಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ, ಬೀದಿಯ ಏರು ಹತ್ತತೊಡಗಿದರು. ನಾನು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ವಾಕರ್ ಹಿಡಿದು ಹಿಂದೆ. ಕಿಟಕಿಗಳಲ್ಲಿ ಮುಖಗಳು ಕಂಡವು. ಯಾರೂ ನಗಲಿಲ್ಲ. ಬರಬಹುದಮ್ಮನಿಗೂ ಅತ್ತೆಗೂ ಮಾತಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿದ್ದ ಸುದ್ದಿ. ಆ ಅತ್ತೆಯೇ ಈಗ ಅವಳ ಬೆನ್ನೇರಿ ಹೋಗುತ್ತಿದ್ದಾಳೆ ಎಂದರೆ ಏನೋ ಇದೆ ಎಂದು ಅವರಿಗೆ ಅನ್ನಿಸಿರಬೇಕು.

ಸೈಕಲ್ ಅಂಗಡಿಯವನು ಬಾಗಿಲಿಗೆ ಬಂದು ನಿಂತಿದ್ದ. "ಮೇಡಂ, ನಿಜ ಹೇಳಿ. ಬರುತ್ತಾ?"

"ಬರಬಹುದು," ಎಂದರು ಅತ್ತಿಗೆ ಏದುಸಿರು ಬಿಡುತ್ತಾ.

ಅವನು ಅಮ್ಮನನ್ನೊಮ್ಮೆ ನೋಡಿದ, ಅತ್ತಿಗೆಯ ಬರಿಗಾಲನ್ನೊಮ್ಮೆ ನೋಡಿದ. ಸರಕ್ಕನೆ ಒಳಗೆ ಹೋಗಿ ಹೆಂಡತಿಯನ್ನು ಕೂಗಿದ. ನಾವು ಮೇಲಿನ ರಸ್ತೆ ಮುಟ್ಟಿ ಹಿಂದಿರುಗಿ ನೋಡಿದಾಗ ಮನೆ ಮನೆಯಿಂದಲೂ ಹಾಸಿಗೆ ಸುರುಳಿ, ಗ್ಯಾಸ್ ಸಿಲಿಂಡರ್ ಹೊರಗೆ ಬರುತ್ತಿದ್ದವು. ನನ್ನ ಹೊಲಿಗೆ ಮೆಷಿನ್ನುಗಳನ್ನು ಆಮೇಲೆ ಅವನೇ ತನ್ನ ಸಾಮಾನಿನ ಗಾಡಿಯಲ್ಲಿ ಮೇಲಕ್ಕೆ ತಂದುಕೊಟ್ಟ.

ಅತ್ತಿಗೆ ಅಮ್ಮನನ್ನು ಕಾರಿನಲ್ಲಿ ಕೂರಿಸಿ, ಅಲ್ಲಿಂದಲೇ ಕಚೇರಿಗೆ ಹೊರಟುಹೋದರು. ಒಂದು ಲೋಟ ಬಿಸಿ ನೀರೂ ಕುಡಿಯಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಹೊಳೆ ಗೋಡೆ ದಾಟಿತು. ಅಣ್ಣನ ಮನೆಯ ತಾರಸಿಯಿಂದ ನೋಡಿದರೆ ಕೆಳಬೀದಿ ಇದ್ದ ಕಡೆ ಕಂದು ನೀರು, ಅದರ ಮೇಲೆ ಚಾವಣಿಗಳು ಮಾತ್ರ. ನಮ್ಮ ಮನೆಯಲ್ಲಿ ಕಿಟಕಿಯ ಮೇಲಿನ ಚೌಕಟ್ಟಿನವರೆಗೆ ನೀರು ನಿಂತಿತ್ತು. ಮಂಚ ಎಲ್ಲೋ, ಅದರ ಮೇಲೆ ಮಲಗುತ್ತಿದ್ದವಳು ಎಲ್ಲೋ. ಬೀದಿಯಲ್ಲಿ ಒಂದು ಜೀವವೂ ಹೋಗಲಿಲ್ಲ. ಸೈಕಲ್ ಅಂಗಡಿಯವನು ಈಗಲೂ ಅವರನ್ನು ಬರಬಹುದಮ್ಮ ಎಂದೇ ಕರೆಯುತ್ತಾನೆ. ಆದರೆ ಕರೆಯುವಾಗ ಎದ್ದು ನಿಲ್ಲುತ್ತಾನೆ.

ಅಮ್ಮ ಆ ದಿನವೆಲ್ಲ ಅತ್ತಿಗೆಯ ಮನೆಯ ಹಾಲಿನಲ್ಲಿ ಬಾಗಿಲಿಗೆ ಮುಖ ಮಾಡಿ ಕೂತಿದ್ದಳು. ಊಟಕ್ಕೆ ಕರೆದರೆ "ಅವಳು ಬರಲಿ" ಎಂದಳು. ಅತ್ತಿಗೆ ಬಂದದ್ದು ಅದರ ಮರುದಿನ ಮಧ್ಯಾಹ್ನ, ಮಳೆ ನಿಂತು ಬಿಸಿಲು ಬಿದ್ದ ಮೇಲೆ. ಕೂದಲು ಕೆದರಿ, ಕಾಲಿಗೆ ಯಾರದೋ ದೊಡ್ಡ ಚಪ್ಪಲಿ ಸಿಕ್ಕಿಸಿಕೊಂಡಿದ್ದರು. ನಮ್ಮ ಹೊಸಿಲ ಬಳಿಯೇ ಬಿಟ್ಟು ಬಂದ ಅವರ ಚಪ್ಪಲಿ ಹೊಳೆಯ ಪಾಲಾಗಿತ್ತಲ್ಲ. ಆ ದೊಡ್ಡ ಚಪ್ಪಲಿಯನ್ನು ಆಚೆ ಕಳಚಿಟ್ಟು, ತಮ್ಮದೇ ಮನೆಯ ಬಾಗಿಲಲ್ಲಿ, ಅಭ್ಯಾಸಬಲದಿಂದ ಕೇಳಿದರು. "ಬರಬಹುದಾ ಅತ್ತೆ?"

ನಾನು ನಗಬೇಕೆಂದುಕೊಂಡೆ. ನಗು ಬರಲಿಲ್ಲ.

"ಏನೇ ಇದು, ನಿನ್ನ ಮನೆಗೆ ಬರೋಕೆ ನನ್ನ ಕೇಳ್ತೀಯಾ?" ಎಂದಳು ಅಮ್ಮ. "ಬರಬಹುದು ಗಿರಬಹುದು ಎಲ್ಲ ಸಾಕು. ಬಾರೇ ಒಳಗೆ."

ಅತ್ತಿಗೆ ಒಳಗೆ ಬಂದು ಅಮ್ಮನ ಕಾಲ ಬಳಿ ನೆಲದ ಮೇಲೇ ಕುಸಿದು ಕೂತರು. ಅಮ್ಮ ಅವರ ಕೂದಲಿಗೆ ಸಿಕ್ಕಿಕೊಂಡಿದ್ದ ಕಸ ತೆಗೆಯುತ್ತಾ, ಎಷ್ಟೋ ಹೊತ್ತಾದ ಮೇಲೆ ಕೇಳಿದಳು. "ನಮ್ಮ ಮನೆಯಿಂದ ನೀರು ಇಳಿಯುತ್ತೇನೇ?"

ನಾನೂ ಅಣ್ಣನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಉತ್ತರ ನಮಗೆ ಗೊತ್ತಿದ್ದದ್ದೇ.

"ಇಳಿಯುತ್ತೆ ಅತ್ತೆ," ಎಂದರು ಅತ್ತಿಗೆ.

ಅಮ್ಮನ ಕೈ ನಿಂತಿತು. "ನಿನ್ನ 'ಬಹುದು' ಎಲ್ಲಿ ಬಿಟ್ಟು ಬಂದೆ?"

"ಐವತ್ತಕ್ಕೆ ಐವತ್ತೂ ಗೆರೆ ಇಳೀತಿದಾವೆ ಅತ್ತೆ. ನೋಡಿಕೊಂಡೇ ಬಂದೆ."

ಅಷ್ಟು ಹೇಳಿ ಅವರು ಅಮ್ಮನ ಮೊಣಕಾಲಿಗೆ ತಲೆ ಒರಗಿಸಿದರು. ಕೂತ ಹಾಗೇ ನಿದ್ದೆ ಹೋದರು. ಅಮ್ಮ ಆ ಕಾಲನ್ನು, ಮುರಿದು ಕೂಡಿಸಿದ ಅದೇ ಕಾಲನ್ನು, ಅಲ್ಲಾಡಿಸಲಿಲ್ಲ. ಮುಖದ ಮೇಲೆ ಬಿಸಿಲು ಬೀಳುತ್ತಿದೆ, ಪರದೆ ಎಳಿ ಎಂದು ನನಗೆ ಕೈಸನ್ನೆ ಮಾಡಿದಳು. ನಾನು ಸದ್ದಾಗದ ಹಾಗೆ ಎಳೆದೆ.